ಬೀಸುವ ಕೈಗೆ ನೆಲವೇ ಬಲ

ಶರಣ ಪರಂಪರೆಯು ಕಾಯವನ್ನು ಹೀಗಳೆಯಲಿಲ್ಲ. ಇಷ್ಟಲಿಂಗ ನೆಲೆಗೊಳ್ಳುವುದು ಈ ಕಾಯದ ಮೇಲೆ, ಕಾಯಕ ನಡೆಯುವುದು ಈ ಕಾಯದಿಂದ, ದಾಸೋಹದ ಅನ್ನ ಒದಗುವುದು ಈ ಕಾಯದ ಬೆವರಿನಿಂದ. ಕಾಯಕದ ಹಿರಿಮೆಯನ್ನು ಕುರಿತು ನಾಡಿನ ವೇದಿಕೆಗಳಲ್ಲಿ ಸಾಕಷ್ಟು ಚಿಂತನೆ ನಡೆದಿದೆ. ಕಾಯಕ ಮಾಡುವವನ ಸೊಂಟ, ಬೆನ್ನು, ಭುಜಗಳನ್ನು ಕುರಿತ ಚಿಂತನೆ ಅಷ್ಟಾಗಿ ನಡೆದಿಲ್ಲ. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಅದಕ್ಕಾಗಿ ಸದ್ಭಕ್ತರಿಗೆ ತುಸು ದೂರದ್ದೆನಿಸುವ ಆಟವೊಂದರ ನೆರವು ಪಡೆದಿದ್ದೇವೆ. ಅದು ಗಾಲ್ಫ್.

ಚಿನಕುರಳಿ ಹೋಬಳಿಯ ರೈತನಿಗೂ ಗಾಲ್ಫ್ ಆಟಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ. ನಾಲೆಯ ನೀರಿಗಾಗಿ ಸರದಿ ಕಾಯುವ ಸೀಮೆಯಲ್ಲಿ, ಎಕರೆಗಟ್ಟಲೆ ಹುಲ್ಲುಹಾಸಿಗೆ ನೀರುಣಿಸಿ ಆಡುವ ಆಟವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಆದರೆ ಉದ್ದ ಹಿಡಿಯ ಸಾಧನವೊಂದನ್ನು ಕೈಯಲ್ಲಿ ಹಿಡಿದು, ಮೈ ತಿರುಗಿಸಿ ಬೀಸುವ ಕ್ರಿಯೆಯನ್ನು ಗಾಲ್ಫ್ ಆಟಗಾರರಷ್ಟು ಕೂಲಂಕಷವಾಗಿ ಅಭ್ಯಸಿಸಿದವರು ವಿರಳ. ಗದ್ದೆಯಲ್ಲಿ ಗುದ್ದಲಿ ಬೀಸುವವನು, ಸೌದೆಗೆ ಕೊಡಲಿ ಎತ್ತುವವನು, ಕಬ್ಬಿನ ಬುಡಕ್ಕೆ ಮಚ್ಚು ಹಾಕುವವನು, ಬಂಡೆಯ ಮೇಲೆ ಸಮ್ಮಟಿಗೆ ಇಳಿಸುವವನು ಮಾಡುವುದೂ ಮೂಲತಃ ಅದೇ ಕ್ರಿಯೆ. ಒಬ್ಬನಿಗೆ ಅದು ವಿರಾಮದ ಆಟ, ಮತ್ತೊಬ್ಬನಿಗೆ ಅನ್ನದ ದಾರಿ. ಬೆನ್ನುಮೂಳೆಗೆ ಮಾತ್ರ ಈ ಭೇದ ತಿಳಿಯದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬೀಸುವುದು ಕೇವಲ ತೋಳಿನ ಕೆಲಸವಲ್ಲ. ಅದು ಪಾದದಿಂದ ಆರಂಭವಾಗುವ ಇಡೀ ದೇಹದ ಕೆಲಸ. ಅದೊಂದು ವಿದ್ಯೆ. ಆಟಗಾರನಿಗೆ ಗುರುವನ್ನಿಟ್ಟು ಕಲಿಸುವ ಆ ವಿದ್ಯೆಯನ್ನು ದುಡಿಯುವವನಿಗೂ ಕಲಿಸಬೇಕು. ಅದನ್ನು ಕಲಿಸುವುದು ಸಮಾಜದ ಹೊಣೆ, ಮಠಮಾನ್ಯಗಳ ಹೊಣೆಯೂ ಹೌದು.

ನಮ್ಮ ನಾಡಿನಲ್ಲಿ ಈ ಆಟ

ಗಾಲ್ಫ್ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿಯೂ ಹಳೆಯದೊಂದು ಗಾಲ್ಫ್ ಮೈದಾನವಿದೆ. ಬಹುಕಾಲ ಅದು ದೊರೆಗಳ, ಅಧಿಕಾರಿಗಳ ಆಟವಾಗಿಯೇ ಉಳಿಯಿತು. ಇತ್ತೀಚಿನ ದಶಕಗಳಲ್ಲಿ ಆ ಗೋಡೆ ಅಲ್ಲಲ್ಲಿ ಬಿರುಕು ಬಿಟ್ಟಿದೆ.

ಬಿಡದಿ ಸಮೀಪದ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಹುಟ್ಟಿದ ಎಸ್. ಚಿಕ್ಕರಂಗಪ್ಪ ಅವರು ಬಾಲ್ಯದಲ್ಲಿ ನೆರೆಯ ಗಾಲ್ಫ್ ಮೈದಾನದ ಕೆಲಸಕ್ಕೆ ಹೋಗುತ್ತಿದ್ದವರು. ಅಲ್ಲಿ ತರಬೇತುದಾರ ವಿಜಯ್ ದಿವೇಚಾ ಅವರ ಗರಡಿಯಲ್ಲಿ ಪಳಗಿ, ಮುಂದೆ ವೃತ್ತಿಪರ ಆಟಗಾರರಾಗಿ ಪ್ರಶಸ್ತಿಗಳನ್ನು ಗೆದ್ದರು. ಹುಟ್ಟಿದ ಮನೆಯಲ್ಲಿ ಸಿರಿತನವಿರಲಿಲ್ಲ, ಗುರು ದೊರೆತರು. ಅಷ್ಟರಿಂದಲೇ ಬದುಕಿನ ದಿಕ್ಕು ಬದಲಾಯಿತು.

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕ್ ಅವರ ಉದಾಹರಣೆ ಇನ್ನೊಂದು ಪಾಠ ಹೇಳುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯ ಸ್ಥಾನ ಪಡೆದರು. ಪದಕ ಕೂದಲೆಳೆಯಲ್ಲಿ ತಪ್ಪಿತು. ಚೆಂಡನ್ನು ಅತಿ ದೂರ ಹೊಡೆಯುವವರ ಸಾಲಿನಲ್ಲಿ ಅವರಿರಲಿಲ್ಲ. ಆ ವರ್ಷವೇ ಕೋವಿಡ್‌ನಿಂದ ಬಳಲಿ ಚೇತರಿಸಿಕೊಂಡಿದ್ದರು. ತೋಳುಬಲದಲ್ಲಿ ತಮಗಿಂತ ಮಿಗಿಲಾದವರ ನಡುವೆ ಅವರು ನಿಂತದ್ದು ನಿಖರತೆಯಿಂದ, ಹದವರಿತ ಚಲನೆಯಿಂದ. ಬಲಕ್ಕಿಂತ ಹದ ದೊಡ್ಡದೆಂಬುದು ಉಳುವವನಿಗೂ ಗೊತ್ತಿರುವ ಸತ್ಯ. ಹದವರಿಯದೆ ಉತ್ತರೆ ಎತ್ತೂ ಬಳಲುತ್ತದೆ, ನೆಲವೂ ಹೆಂಟೆಗಟ್ಟುತ್ತದೆ.

ಬೀಸಿನ ಒಳಗುಟ್ಟು

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 46 ಗ್ರಾಮಿನಷ್ಟು. ನಿಶ್ಚಲವಾಗಿ ಬಿದ್ದಿರುವ ಆ ಸಣ್ಣ ಚೆಂಡನ್ನು ಹೊಡೆಯುವಾಗ ನುರಿತ ಪುರುಷ ಆಟಗಾರನ ಕೋಲಿನ ತುದಿ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಕೋಲು ಹಿಂದಕ್ಕೆ ಏರಲು ಮುಕ್ಕಾಲು ಸೆಕೆಂಡು, ಕೆಳಗಿಳಿದು ಚೆಂಡಿಗೆ ತಾಗಲು ಕಾಲು ಸೆಕೆಂಡು. ಏರುವಾಗ ನಿಧಾನ, ಇಳಿಯುವಾಗ ವೇಗ. ಇಷ್ಟು ವೇಗ ತೋಳಿನಿಂದ ಮಾತ್ರ ಹುಟ್ಟಲಾರದು.

ಅದು ಹುಟ್ಟುವುದು ನೆಲದಿಂದ. ಆಟಗಾರನು ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿಯನ್ನು ತುಸು ಸಡಿಲಿಸಿ, ಬೆನ್ನು ಗೂನಾಗದಂತೆ ಸೊಂಟದ ಕೀಲಿನಲ್ಲಿ ಮುಂದಕ್ಕೆ ಬಾಗುತ್ತಾನೆ. ಕೋಲನ್ನು ಹಿಂದಕ್ಕೆತ್ತುವಾಗ ಮೈಭಾರ ಬಲಪಾದಕ್ಕೆ ಸರಿಯುತ್ತದೆ. ಭುಜಗಳು ಸುಮಾರು 90 ಡಿಗ್ರಿ ತಿರುಗಿದರೆ, ಸೊಂಟ ಅದರ ಅರ್ಧದಷ್ಟು ತಿರುಗುತ್ತದೆ. ಕೆಳಗಿಳಿಸುವಾಗ ಮೊದಲು ಚಲಿಸುವುದು ಕೈಯಲ್ಲ. ಎಡಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅದರ ಬೆನ್ನಿಗೆ ಎದೆ, ಆಮೇಲೆ ಭುಜ, ತೋಳು, ಮಣಿಕಟ್ಟು, ಕಡೆಯಲ್ಲಿ ಕೋಲು. ಬಾರುಕೋಲು ಬೀಸಿದಾಗ ಹಿಡಿ ಮೆಲ್ಲಗೆ ಚಲಿಸಿ ತುದಿಯ ಬಾರು ಚಟ್ಟೆನ್ನುವುದನ್ನು ಎತ್ತು ಕಟ್ಟಿದವರೆಲ್ಲ ಬಲ್ಲರು. ಗಾಲ್ಫ್ ಬೀಸಿನ ಗುಟ್ಟೂ ಅದೇ. ಬಲವು ಬುಡದಿಂದ ತುದಿಗೆ ಒಂದೊಂದೇ ಗೆಣ್ಣು ದಾಟಿ ಬರಬೇಕು. ನಡುವೆ ಒಂದು ಗೆಣ್ಣು ಬಿಗಿದುಕೊಂಡರೂ ಅದರ ಹೊರೆ ಪಕ್ಕದ ಗೆಣ್ಣಿನ ಮೇಲೆ ಬೀಳುತ್ತದೆ.

ಹಿಡಿತದ ವಿಷಯದಲ್ಲಿಯೂ ಗಾಲ್ಫ್ ಗುರುಗಳದು ಒಂದೇ ಮಾತು. ಕೋಲನ್ನು ಹಕ್ಕಿಮರಿಯನ್ನು ಹಿಡಿದಂತೆ ಹಿಡಿಯಬೇಕು, ಹಾರಿಹೋಗಲೂಬಾರದು, ನಲುಗಲೂಬಾರದು. ಬಿಗಿಯಾಗಿ ಹಿಡಿದರೆ ಮುಂಗೈ ಸೆಟೆಯುತ್ತದೆ, ಭುಜ ಕಿವಿಯತ್ತ ಏರುತ್ತದೆ, ಉಸಿರು ಕಟ್ಟುತ್ತದೆ. ಆಟ ಸುಧಾರಿಸಲು ಬರುವ ಹೊಸಬರ ಸಾಮಾನ್ಯ ದೋಷ ಇದೇ. ಅವರು ತೋಳಿನಿಂದ ಹೊಡೆಯಲು ಹೊರಡುತ್ತಾರೆ. ಗುರುವು ಅವರನ್ನು ಪಾದಕ್ಕೆ ಮರಳಿಸುತ್ತಾನೆ.

ಸೊಂಟ ಸೋಲುವುದೇಕೆ?

ಗಾಲ್ಫ್ ಆಟಗಾರರನ್ನು ಅತಿ ಹೆಚ್ಚು ಕಾಡುವ ನೋವುಗಳಲ್ಲಿ ಕೆಳಬೆನ್ನಿನ ನೋವು ಮುಂಚೂಣಿಯದು. ಕಾರಣ ಬೆನ್ನುಮೂಳೆಯ ರಚನೆಯಲ್ಲಿಯೇ ಇದೆ. ಸೊಂಟದ ಭಾಗದ ಐದು ಮಣಿಗಳು ಮುಂದಕ್ಕೆ ಬಾಗಲು, ಹಿಂದಕ್ಕೆ ಸೆಟೆಯಲು ಹೊಂದಿಕೊಂಡವು. ತಿರುಚುವ ಕೆಲಸಕ್ಕೆ ಅವು ಹೇಳಿಮಾಡಿಸಿದವಲ್ಲ. ಐದೂ ಸೇರಿ ಒಂದು ಬದಿಗೆ ತಿರುಗಬಲ್ಲುದು ಹತ್ತು ಹದಿನೈದು ಡಿಗ್ರಿ ಮಾತ್ರ. ನಿಜವಾಗಿ ತಿರುಗಬೇಕಾದುದು ಮೇಲಿನ ಎದೆಬೆನ್ನು ಮತ್ತು ಕೆಳಗಿನ ತೊಡೆಯ ಕೀಲು. ಇವೆರಡೂ ಬಿಗಿದುಕೊಂಡಾಗ ನಡುವೆ ಸಿಕ್ಕ ಸೊಂಟ ತನ್ನದಲ್ಲದ ಕೆಲಸವನ್ನು ಮಾಡಬೇಕಾಗುತ್ತದೆ. ಬಾಗಿದ ಸ್ಥಿತಿಯಲ್ಲಿ ಭಾರ ಹೊತ್ತು ತಿರುಚಿದರೆ ಮಣಿಗಳ ನಡುವಣ ಮೆತ್ತೆಯಂತಹ ಡಿಸ್ಕ್ ಮೇಲೆ ಒತ್ತಡ ಬೀಳುತ್ತದೆ. ಒಂದು ದಿನಕ್ಕೆ ಅದು ತಿಳಿಯುವುದಿಲ್ಲ. ವರ್ಷಗಳ ಮೇಲೆ ಅದೇ ಡಿಸ್ಕ್ ಉಬ್ಬಿ ನರವನ್ನು ಒತ್ತಿದಾಗ, ಪೃಷ್ಠದಿಂದ ಕಾಲಿನ ಉದ್ದಕ್ಕೂ ಸೆಳೆತ ಇಳಿಯುತ್ತದೆ.

ಜಗತ್ಪ್ರಸಿದ್ಧ ಆಟಗಾರ ಟೈಗರ್ ವುಡ್ಸ್ ಅವರಿಗೆ ಹಲವು ಬಾರಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2017ರಲ್ಲಿ ಕೆಳಬೆನ್ನಿನ ಮಣಿಗಳನ್ನು ಬೆಸೆಯುವ ಚಿಕಿತ್ಸೆ ನಡೆಯಿತು. 2019ರಲ್ಲಿ ಅವರು ಮಾಸ್ಟರ್ಸ್ ಪಂದ್ಯಾವಳಿಯನ್ನು ಮತ್ತೆ ಗೆದ್ದದ್ದು ಕ್ರೀಡಾಲೋಕದ ದೊಡ್ಡ ಸುದ್ದಿಯಾಯಿತು. ಅವರ ಬೆನ್ನಿನ ಹಿಂದೆ ವೈದ್ಯರ, ವ್ಯಾಯಾಮ ತಜ್ಞರ ಪಡೆಯೇ ಇತ್ತು. ಅಂತಹವರ ಬೆನ್ನೇ ಸೋಲಬಹುದಾದರೆ, ಬೆಳಗಿನಿಂದ ಬೈಗಿನವರೆಗೆ ಟನ್ ಲೆಕ್ಕದಲ್ಲಿ ಕಬ್ಬು ಕಡಿಯುವವನ ಬೆನ್ನು ಯಾವ ರಕ್ಷಣೆಯನ್ನು ನಂಬಿ ನಿಲ್ಲಬೇಕು?

ಹೊಲಗದ್ದೆಯಲ್ಲಿ ಇದರ ಅನ್ವಯ

ಗಾಲ್ಫ್ ಕೋಲು ಚೆಂಡನ್ನು ದಾಟಿ ಮುಂದೆ ಸಾಗಿ ತಾನಾಗಿ ವೇಗ ಕಳೆದುಕೊಳ್ಳುತ್ತದೆ. ಗುದ್ದಲಿಯೂ ಸಮ್ಮಟಿಗೆಯೂ ಹಾಗಲ್ಲ, ನೆಲಕ್ಕೋ ಬಂಡೆಗೋ ತಾಗಿ ಥಟ್ಟನೆ ನಿಲ್ಲುತ್ತವೆ. ಆ ಪೆಟ್ಟಿನ ಅದುರು ಕೈಗೆ ಮರಳುತ್ತದೆ. ಆದ್ದರಿಂದ ಆಟದ ಪಾಠವನ್ನು ಹಾಗೆಯೇ ಹೊಲಕ್ಕೆ ಹೊತ್ತು ತರಲಾಗದು. ಅದರ ಮೂಲತತ್ವವನ್ನು ತರಬಹುದು.

ಗುದ್ದಲಿಯ ಕೆಲಸದಲ್ಲಿ ಬೆನ್ನಿಗೆ ಹೆಚ್ಚು ಕೇಡು ಮಾಡುವುದು ಅಗೆಯುವ ಪೆಟ್ಟಲ್ಲ, ಮಣ್ಣನ್ನು ಎತ್ತಿ ಪಕ್ಕಕ್ಕೆ ಎಸೆಯುವ ತಿರುಚು. ಕಾಲುಗಳು ನೆಟ್ಟಲ್ಲೇ ನಿಂತು ಸೊಂಟದ ಮೇಲ್ಭಾಗ ಮಾತ್ರ ತಿರುಗುವುದರಿಂದ ಹೊರೆಯೆಲ್ಲ ಆ ಐದು ಮಣಿಗಳ ಮೇಲೆ ಬೀಳುತ್ತದೆ. ಎಸೆಯುವ ದಿಕ್ಕಿಗೆ ಪಾದವನ್ನೂ ತಿರುಗಿಸಿ ಇಡುವುದು ಇದಕ್ಕೆ ಪರಿಹಾರ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇರಲಿ. ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಸರಿಯುವಾಗ ಗುದ್ದಲಿ ಇಳಿಯಲಿ. ಕಾವು ಮೋಟಾದಷ್ಟೂ ಬೆನ್ನು ಬಾಗುತ್ತದೆ. ಗಾಲ್ಫ್ ಕೋಲನ್ನು ಆಟಗಾರನ ಎತ್ತರಕ್ಕೆ ತಕ್ಕಂತೆ ಆರಿಸುತ್ತಾರೆ. ಗುದ್ದಲಿಯ ಕಾವನ್ನೂ ಹಿಡಿಯುವವನ ಎತ್ತರ ನೋಡಿ ಹಾಕಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಸಿಹಿಯಂಶ ಬುಡದಲ್ಲಿ ಹೆಚ್ಚು. ಮೇಲ್ಮಟ್ಟದಲ್ಲಿ ಕಡಿದರೆ ಆಲೆಮನೆಗೂ ನಷ್ಟ, ಮುಂದಿನ ಕೂಳೆ ಬೆಳೆಗೂ ಕೇಡು. ಹಾಗಾಗಿ ಕಡಿಯುವವನು ಬಾಗಲೇಬೇಕು. ಎಲ್ಲಿ ಬಾಗಬೇಕೆಂಬುದೇ ಮುಖ್ಯ. ಬೆನ್ನು ಬಿಲ್ಲಿನಂತೆ ಬಾಗುವ ಬದಲು ತೊಡೆಯ ಕೀಲೂ ಮಂಡಿಯೂ ಮಡಿಯಬೇಕು. ಆಸರೆಗಾಗಿ ಎಡಗೈಯಲ್ಲಿ ಕಬ್ಬನ್ನು ಹಿಡಿದಿರುವಾಗ ಎಡಗಾಲು ಮುಂದಿರಲಿ. ಮಚ್ಚು ಹರಿತವಾಗಿರಲಿ, ಮೊಂಡು ಮಚ್ಚು ಒಂದರ ಬದಲು ಎರಡು ಪೆಟ್ಟು ಬೇಡುತ್ತದೆ, ದಿನದ ಕೊನೆಗೆ ಅದು ನೂರಾರು ಹೆಚ್ಚುವರಿ ಬೀಸುಗಳಾಗುತ್ತವೆ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಅಂಗೈಗಳನ್ನು ಸೊಂಟಕ್ಕೆ ಕೊಟ್ಟು ನಿಧಾನವಾಗಿ ಹಿಂದಕ್ಕೆ ಬಾಗುವುದರಿಂದ ಬೆನ್ನಿಗೆ ಬಿಡುವು ಸಿಗುತ್ತದೆ.

ಬೇಬಿ ಬೆಟ್ಟದ ಆಸುಪಾಸಿನವರಿಗೆ ಕಲ್ಲಿನ ಕೆಲಸ ಅಪರಿಚಿತವಲ್ಲ. ಸಮ್ಮಟಿಗೆಯನ್ನು ಎತ್ತುವಾಗ ಒಂದು ಕೈ ಅದರ ತಲೆಯ ಸಮೀಪವಿರಬೇಕು. ಇಳಿಯುವಾಗ ಆ ಕೈ ಕಾವಿನುದ್ದಕ್ಕೆ ಜಾರಿ ಇನ್ನೊಂದು ಕೈಯನ್ನು ಸೇರಬೇಕು. ಎತ್ತುವಾಗ ಭಾರ ಮೈಗೆ ಹತ್ತಿರವಿದ್ದು ಹಗುರಾಗುತ್ತದೆ, ಇಳಿಯುವಾಗ ದೂರ ಸರಿದು ವೇಗ ಪಡೆಯುತ್ತದೆ. ಹಳೆಯ ಕಲ್ಲುಕುಟಿಗರನ್ನು ಗಮನಿಸಿದರೆ ಈ ಜಾರುವ ಕೈ ಕಣ್ಣಿಗೆ ಬೀಳುತ್ತದೆ. ಪೆಟ್ಟಿನ ಕ್ಷಣದಲ್ಲಿ ಉಸಿರನ್ನು ಹೊರಬಿಡುವ ಅವರ ರೂಢಿಯೂ ವ್ಯರ್ಥವಲ್ಲ.

ಗಾಲ್ಫ್ ಆಟಗಾರ ಸದಾ ಒಂದೇ ಬದಿಗೆ ಬೀಸುವುದರಿಂದ ಅವನ ದೇಹ ಒಂದು ಕಡೆಗೆ ಹದಗೊಂಡು ಇನ್ನೊಂದು ಕಡೆ ಸೊರಗುತ್ತದೆ. ಆದ್ದರಿಂದ ಎದುರು ಬದಿಗೂ ಬೀಸಿ ಅಭ್ಯಾಸ ಮಾಡುವಂತೆ ತರಬೇತುದಾರರು ಹೇಳುತ್ತಾರೆ. ಗುದ್ದಲಿ ಹಿಡಿದವನಿಗೆ ಇದು ಇನ್ನೂ ಸುಲಭ. ಒಂದು ಸಾಲು ಬಲಗೈ ಮುಂದಾಗಿ, ಮತ್ತೊಂದು ಸಾಲು ಎಡಗೈ ಮುಂದಾಗಿ ಅಗೆಯಬಹುದು. ಮೊದಲ ವಾರ ತೊಡಕೆನಿಸುತ್ತದೆ, ಮುಂದೆ ರೂಢಿಯಾಗುತ್ತದೆ.

ಮನೆಯಂಗಳದ ಅಭ್ಯಾಸ

ಗಾಲ್ಫ್ ಆಟಗಾರರು ಮಾಡುವ ನಾಲ್ಕು ಸರಳ ಅಭ್ಯಾಸಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ. ಇವಕ್ಕೆ ಬೇಕಾದುದು ಒಂದು ಕೋಲು, ಒಂದು ಗೋಡೆ ಮತ್ತು ಹತ್ತು ನಿಮಿಷ.

ಒಂದು: ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲುವುದು. ಕೋಲನ್ನು ಬೆನ್ನಿನ ಉದ್ದಕ್ಕೆ ಹಿಡಿದು, ಅದು ತಲೆಯ ಹಿಂಭಾಗಕ್ಕೂ ಮೇಲ್ಬೆನ್ನಿಗೂ ಬೆನ್ನಿನ ಬುಡಕ್ಕೂ ತಾಗಿರುವಂತೆ ನೋಡಿಕೊಂಡು, ಪೃಷ್ಠವನ್ನು ಹಿಂದಕ್ಕೆ ಸರಿಸಿ ಗೋಡೆಗೆ ಮುಟ್ಟಿಸುವುದು. ಹತ್ತು ಬಾರಿ. ಸೊಂಟದ ಕೀಲಿನಲ್ಲಿ ಬಾಗುವುದೆಂದರೆ ಏನೆಂದು ದೇಹಕ್ಕೆ ತಿಳಿಯುವುದು ಇದರಿಂದ.

ಎರಡು: ಜಗಲಿಯ ಮೇಲೆ ನೆಟ್ಟಗೆ ಕುಳಿತು, ಕೋಲನ್ನು ಹೆಗಲ ಮೇಲೆ ಅಡ್ಡಲಾಗಿರಿಸಿ, ಸೊಂಟವನ್ನು ಕದಲಿಸದೆ ಎದೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುವುದು. ಹತ್ತು ಬಾರಿ.

ಮೂರು: ಅಂಗಾತ ಮಲಗಿ ಮಂಡಿ ಮಡಿಸಿ, ಪಾದವನ್ನು ನೆಲಕ್ಕೆ ಒತ್ತಿ, ಪೃಷ್ಠವನ್ನು ಮೇಲೆತ್ತಿ ಐದು ಎಣಿಸುವವರೆಗೆ ನಿಲ್ಲಿಸಿ ಇಳಿಸುವುದು. ಹತ್ತು ಬಾರಿ. ಬೀಸಿಗೆ ಬಲ ಕೊಡುವ ಪೃಷ್ಠದ ಸ್ನಾಯುಗಳು ಇದರಿಂದ ಎಚ್ಚರಗೊಳ್ಳುತ್ತವೆ.

ನಾಲ್ಕು: ಕಂಬದ ಆಸರೆಗೆ ಎಟುಕುವಂತೆ ನಿಂತು, ಒಂದೊಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಹಿರಿಯರಿಗೆ ಇದು ಬೀಳದಂತೆ ಕಾಯುವ ಅಭ್ಯಾಸವೂ ಹೌದು.

ಇಷ್ಟಲಿಂಗ ಪೂಜೆಗೆ ಕುಳಿತಾಗ ಭಕ್ತರು ಬೆನ್ನನ್ನು ನೇರವಾಗಿಟ್ಟು, ಭುಜ ಸಡಿಲಿಸಿ, ಉಸಿರನ್ನು ಹದಕ್ಕೆ ತಂದು, ದೃಷ್ಟಿಯನ್ನು ಅಂಗೈಯ ಲಿಂಗದಲ್ಲಿ ನಿಲ್ಲಿಸುತ್ತಾರೆ. ಗಾಲ್ಫ್ ಗುರುಗಳು ಶಿಷ್ಯನಿಗೆ ಹೇಳುವ ಸಿದ್ಧತೆಯೂ ಇದಕ್ಕೆ ದೂರವಲ್ಲ: ಬೆನ್ನು ನೇರ, ಭುಜ ಸಡಿಲ, ಉಸಿರು ಸಮ, ದೃಷ್ಟಿ ಒಂದೆಡೆ. ಪೂಜೆಯ ಪೀಠದಲ್ಲಿ ದೊರೆತ ಆ ಎಚ್ಚರವನ್ನು ಗದ್ದೆಯ ಬದುವಿನವರೆಗೆ ಉಳಿಸಿಕೊಂಡರೆ ಪೂಜೆಗೂ ಕಾಯಕಕ್ಕೂ ನಡುವೆ ಅಂತರ ಉಳಿಯದು.

ಈಗಾಗಲೇ ನೋವಿರುವವರು ವೈದ್ಯರ ಸಲಹೆ ಪಡೆದೇ ಈ ಅಭ್ಯಾಸಗಳಿಗೆ ತೊಡಗಬೇಕು. ಕಾಲಿನಲ್ಲಿ ಬಲ ಕುಂದುವುದು, ಕುಳಿತುಕೊಳ್ಳುವ ಭಾಗ ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡುಬಂದರೆ ಒಂದು ದಿನವೂ ತಡಮಾಡದೆ ದೊಡ್ಡಾಸ್ಪತ್ರೆ ಸೇರಬೇಕು. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗಿ ಕೆಲಸಕ್ಕಿಳಿಯುವುದು ಬಹು ಅಪಾಯಕಾರಿ. ಬಿಸಿಲಿನಲ್ಲಿ ಬೆವರಿ ನೀರಿನಂಶ ಕಳೆದುಕೊಂಡ ದೇಹದಲ್ಲಿ ಅಂತಹ ಮಾತ್ರೆಗಳು ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ ಮಾಡಬಲ್ಲವು. ಮಾತ್ರೆ ನೋವಿನ ಬಾಯಿ ಮುಚ್ಚಿಸುತ್ತದೆ. ನೋವು ಹೇಳಹೊರಟ ಮಾತು ಹಾಗೆಯೇ ಉಳಿಯುತ್ತದೆ.

ಒಂದು ಆಕ್ಷೇಪ

ನಮ್ಮ ಅಜ್ಜಂದಿರಿಗೆ ಯಾವ ಗುರು ಬೀಸುವುದನ್ನು ಕಲಿಸಿದ್ದರು, ಅವರು ಗಟ್ಟಿಮುಟ್ಟಾಗಿ ಬದುಕಲಿಲ್ಲವೇ ಎಂಬ ಮಾತು ಬರುತ್ತದೆ. ಅವರಿಗೂ ಗುರುಗಳಿದ್ದರು. ಮನೆಯ ಹಿರಿಯನ ಪಕ್ಕದಲ್ಲಿ ಸಾಲು ಹಿಡಿದು ನೋಡಿ ನೋಡಿ ಕಲಿಯುವ ಕ್ರಮವಿತ್ತು. ಊರೂರಿನ ಗರಡಿಮನೆಯಲ್ಲಿ ಮಟ್ಟಿ ಕೆದಕುತ್ತ, ಮರದ ಗದೆ ತಿರುಗಿಸುತ್ತ ಭುಜ ಸೊಂಟಗಳು ಹದಗೊಳ್ಳುತ್ತಿದ್ದವು. ಭಾರತದ ಈ ಗದೆಯ ಅಭ್ಯಾಸವನ್ನು ಬ್ರಿಟಿಷ್ ಸೈನ್ಯದವರು ಮೆಚ್ಚಿ ತಮ್ಮ ದೇಶಕ್ಕೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಗದೆ ಬೀಸುವುದು ಒಂದು ಸ್ಪರ್ಧೆಯೂ ಆಗಿತ್ತು. ಅವರ ದಿನದಲ್ಲಿ ಉಳುಮೆ, ನಾಟಿ, ಕಣ, ದನಕರು ಎಂದು ಕೆಲಸ ಬದಲಾಗುತ್ತಿದ್ದುದರಿಂದ ಒಂದೇ ಗೆಣ್ಣಿಗೆ ಒಂದೇ ಹೊರೆ ಬೀಳುತ್ತಿರಲಿಲ್ಲ. ಅಷ್ಟಿದ್ದೂ ಬೆನ್ನು ಬಾಗಿ ಕೋಲೂರಿ ನಡೆದ ಅಜ್ಜಿಯರೂ ಅಜ್ಜಂದಿರೂ ನಮ್ಮ ಊರುಗಳಲ್ಲಿ ಇದ್ದರೆಂಬುದನ್ನು ಮರೆಯಲಾಗದು.

ಇಂದು ಸ್ಥಿತಿ ಬೇರೆ. ಕಬ್ಬು ಕಡಿಯುವ ತಂಡಗಳು ತಿಂಗಳುಗಟ್ಟಲೆ ಒಂದೇ ಬೀಸನ್ನು ಬೀಸುತ್ತವೆ. ಊರಿನ ಯುವಕರು ಬೆಂಗಳೂರು, ಮೈಸೂರುಗಳಲ್ಲಿ ವಾರವಿಡೀ ಕುರ್ಚಿಯಲ್ಲೋ ಬೈಕಿನಲ್ಲೋ ಕುಳಿತು, ಭಾನುವಾರ ಊರಿಗೆ ಬಂದು ದಿನವೆಲ್ಲ ಗುದ್ದಲಿ ಹಿಡಿಯುತ್ತಾರೆ. ವಾರವೆಲ್ಲ ಕಚೇರಿಯಲ್ಲಿ ಕುಳಿತು ರಜಾದಿನ ಮೈದಾನಕ್ಕೆ ಧಾವಿಸುವ ಗಾಲ್ಫ್ ಆಟಗಾರನಿಗೂ ಇವರಿಗೂ ದೇಹದ ದೃಷ್ಟಿಯಿಂದ ಭೇದವಿಲ್ಲ. ಸೋಮವಾರ ಬೆಳಗ್ಗೆ ಇಬ್ಬರೂ ಸೊಂಟ ಹಿಡಿದು ಏಳುತ್ತಾರೆ. ನಾಟಿಗೂ ಕಳೆಗೂ ದಿನವಿಡೀ ಬಾಗುವ, ಮನೆಗೆ ಬಂದು ಮತ್ತೆ ಒಲೆಯ ಮುಂದೆ ಬಾಗುವ ತಾಯಂದಿರ ಬೆನ್ನಿಗಂತೂ ರಜಾದಿನವೇ ಇಲ್ಲ.

ಆಗಬೇಕಾದುದು

ವಿದ್ಯಾದಾಸೋಹ, ಅನ್ನದಾಸೋಹಗಳಲ್ಲಿ ನಾಡಿನ ಮಠಗಳ ಸೇವೆ ದೊಡ್ಡದು. ಅದರ ಜೊತೆಗೆ ಕಾಯದ ವಿದ್ಯೆಯೂ ದಾಸೋಹದ ಭಾಗವಾಗಲಿ ಎಂಬುದು ನಮ್ಮ ವಿನಂತಿ. ಮಠಗಳ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಅವಧಿಯಲ್ಲಿ ಬಾಗುವುದು, ಎತ್ತುವುದು, ಬೀಸುವುದನ್ನು ಮಕ್ಕಳಿಗೆ ಕ್ರಮವಾಗಿ ಕಲಿಸಬಹುದು. ತಿಂಗಳ ಶಿವಾನುಭವ ಗೋಷ್ಠಿಯ ದಿನ ಫಿಸಿಯೋಥೆರಪಿ ಬಲ್ಲವರೊಬ್ಬರನ್ನು ಕರೆಸಿ, ಗೋಷ್ಠಿಗೆ ಬಂದ ರೈತರ ಕೈಗೆ ಗುದ್ದಲಿಯನ್ನೇ ಕೊಟ್ಟು ಪಾಠ ಮಾಡಿಸಬಹುದು. ಕಬ್ಬಿನ ಹಂಗಾಮು ಆರಂಭವಾಗುವ ಮುನ್ನ ಹೊರ ಜಿಲ್ಲೆಗಳಿಂದ ಬಂದ ಕಡಿಯುವವರ ಬಿಡಾರಗಳಿಗೂ ಈ ಪಾಠ ತಲುಪಬೇಕು. ಅವರ ಬೆವರಿನ ಸಕ್ಕರೆಯೇ ನಮ್ಮ ಪ್ರಸಾದದಲ್ಲಿಯೂ ಇದೆ. ಬಾಗಿಲು ಹಾಕಿರುವ ಗರಡಿಮನೆಗಳನ್ನು ತೆರೆದರೆ ಈ ವಿದ್ಯೆಗೊಂದು ನೆಲೆಯೂ ಸಿಕ್ಕೀತು. ಅಲ್ಲಿ ಹೆಣ್ಣುಮಕ್ಕಳಿಗೂ ಸಮಯ ಮೀಸಲಿರಲಿ.

ಚೆಂಡನ್ನು ಕುಳಿಗೆ ಬೀಳಿಸುವ ಆಟಕ್ಕಾಗಿ ಇಷ್ಟೊಂದು ಗುರುಗಳೂ ಇಷ್ಟೊಂದು ಅಧ್ಯಯನವೂ ಇವೆ. ನಾಡಿಗೆ ಅನ್ನ ಬೆಲ್ಲ ಕೊಡುವ ಬೀಸಿಗೆ ಒಬ್ಬ ಗುರುವಾದರೂ ಬೇಡವೇ? ಸದ್ಭಕ್ತರು ನಾಳೆ ಬೆಳಗ್ಗೆ ಗುದ್ದಲಿ ಕೈಗೆತ್ತಿಕೊಳ್ಳುವ ಮುನ್ನ ಒಂದು ಕ್ಷಣ ಪಾದಗಳತ್ತ ನೋಡಿ, ನೆಲವನ್ನು ಗಟ್ಟಿಯಾಗಿ ಒತ್ತಿ ನಿಂತು, ಆಮೇಲೆ ಕೈಯೆತ್ತಲಿ.